ಮಿಡಿತವೋ, ಅದುರಾಟವೋ, ಏರಿಳಿತವೋ?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗಾಗಿ ಧ್ರುವಪ್ರಭೆಯ, ಅಂದರೆ ಧ್ರುವಗಳ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕಿನ, ಬಗ್ಗೆ ಬರೆಯುತ್ತಿದ್ದೇನೆ. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯ ಕ್ಯಾಮೆರಾಗಳಲ್ಲಿ ಕೆಂಪು ಬೆಳಕು ಸೆರೆಯಾದ ಮೇಲೆ ಮಕ್ಕಳು ಇದನ್ನು ಜಾಸ್ತಿ ಕೇಳುತ್ತಿದ್ದಾರೆ. ಒಂದು ಪದದ ಹತ್ತಿರ ಬಂದು ಸಿಕ್ಕಿಕೊಂಡಿದ್ದೇನೆ: ಆಗ ಭೂಮಿಯ ಕಾಂತಕ್ಷೇತ್ರದಲ್ಲಿ ಆಗುವ ಚಿಕ್ಕ ಚಿಕ್ಕ ಬದಲಾವಣೆಗಳನ್ನು ಕನ್ನಡದಲ್ಲಿ ಏನನ್ನುವುದು?

1741ರಲ್ಲಿ ಸ್ವೀಡನ್ನಿನ ಉಪ್ಸಾಲದಲ್ಲಿ ವಿಜ್ಞಾನಿಗಳಾದ ಆಂಡರ್ಸ್ ಸೆಲ್ಸಿಯಸ್ ಮತ್ತು ಓಲೋಫ್ ಹ್ಯೋರ್ಟರ್ ದಿಕ್ಸೂಚಿಯ ಮುಳ್ಳನ್ನು ಗಮನಿಸುತ್ತಿದ್ದರು. ಧ್ರುವಪ್ರಭೆ ಕಂಡಾಗ ಮುಳ್ಳು ಇದ್ದಲ್ಲಿ ಇರುತ್ತಿರಲಿಲ್ಲ. ಆ ವರ್ಷದ ಏಪ್ರಿಲ್ 5ರಂದು, ಅಷ್ಟು ದೂರದ ಲಂಡನ್ನಿನಲ್ಲಿ ಗಡಿಯಾರ ತಯಾರಕ ಜಾರ್ಜ್ ಗ್ರಹಾಂ ಅವರ ದಿಕ್ಸೂಚಿಯ ಮುಳ್ಳೂ ಚಡಪಡಿಸಿತು.

‘ಚಡಪಡಿಸಿತು’ ಎಂದು ಕೈ ತಾನಾಗಿ ಬರೆಯಿತು. ಆದರೆ ‘ಕಾಂತಕ್ಷೇತ್ರದ ಚಡಪಡಿಕೆ’ ಎಂದರೆ ಮನುಷ್ಯರ ಮನಸ್ಸಿನ ಮಾತಾಗಿಬಿಡುತ್ತದೆ, ಅಲ್ವಾ?

ಪತ್ರಿಕೆಗಳಲ್ಲಿ ‘ಏರಿಳಿತ’ ಎಂದು ಬರೆಯುತ್ತಾರೆ. ನನಗೆ ಅದು ಚಿನ್ನದ ಬೆಲೆಯಂತೆ ಕೇಳಿಸುತ್ತದೆ. ಮುಳ್ಳು ಹತ್ತಿ ಇಳಿಯುವುದಿಲ್ಲ, ಅತ್ತಿತ್ತ ಸರಿಯುತ್ತದೆ. ‘ಏರುಪೇರು’ ಎಂದರೆ ಏನೋ ಕೆಟ್ಟಿದೆ ಎಂಬ ಅರ್ಥ ಬರುತ್ತದೆ, ಆರೋಗ್ಯ ಏರುಪೇರಾದ ಹಾಗೆ. ‘ಕಾಂತ ಬಿರುಗಾಳಿ’ ದೊಡ್ಡ ಘಟನೆಗೆ ಸರಿ. ನಾನು ಹೇಳಬೇಕಿರುವುದು ತೀರಾ ಚಿಕ್ಕದು. ಉಪ್ಸಾಲದ ಕಡೆ ಭೂಮಿಯ ಕಾಂತಕ್ಷೇತ್ರ ಸುಮಾರು 50,000 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲವನ್ನು ಅಳೆಯುವ ಮಾನ). ಅದರಲ್ಲಿ ಕೆಲವೇ ನ್ಯಾನೋಟೆಸ್ಲಾದಷ್ಟು ವ್ಯತ್ಯಾಸ, ಕೆಲವು ಸೆಕೆಂಡಿಗೋ ಕೆಲವು ನಿಮಿಷಕ್ಕೋ ಒಮ್ಮೆ ಮರುಕಳಿಸುತ್ತದೆ.

ಹೀಗೆ ತಾಳ ಹಿಡಿದು ಬರುವುದಕ್ಕೆ ‘ಮಿಡಿತ’ ಚೆನ್ನಾಗಿ ಒಪ್ಪುತ್ತದೆ ಎನ್ನಿಸುತ್ತದೆ. ಕೆಲವು ಧ್ರುವಪ್ರಭೆಗಳೂ ತೇಪೆ ತೇಪೆಯಾಗಿ ಹೊತ್ತಿ, ಮಂಕಾಗಿ, ಮತ್ತೆ ಹೊತ್ತುತ್ತವೆ. ಅಲ್ಲಿಗೂ ಅದೇ ಪದ ಸಲ್ಲುತ್ತದೆ. ತಾಳವಿಲ್ಲದ್ದಕ್ಕೆ? ‘ಅದುರಾಟ’ ಎಂದು ಸದ್ಯಕ್ಕೆ ಬರೆದಿದ್ದೇನೆ. ಮನಸ್ಸು ಒಪ್ಪುತ್ತಿಲ್ಲ. ಅದುರುವುದರಲ್ಲಿ ವೇಗ ಇದೆ, ಈ ಮುಳ್ಳು ನಿಧಾನವಾಗಿ ಸರಿಯುವುದೂ ಉಂಟು.

ಇನ್ನೊಂದು ಪ್ರಶ್ನೆ, ‘ಇಂದ’ದ ಬಗ್ಗೆ. ‘ಧ್ರುವಪ್ರಭೆಯಿಂದ ಮುಳ್ಳು ಅಲುಗುತ್ತದೆ’ ಎಂಬ ವಾಕ್ಯವನ್ನು ನಾನೇ ಬರೆದು ಹೊಡೆದುಹಾಕಿದೆ. ಬೆಳಕು ಮುಳ್ಳನ್ನು ತಳ್ಳುವುದಿಲ್ಲ. ಮೇಲಿನಿಂದ ಸುರಿಯುವ ಎಲೆಕ್ಟ್ರಾನುಗಳು ಗಾಳಿಗೆ ಬಡಿದಾಗ ಬೆಳಕು ಹುಟ್ಟುತ್ತದೆ. ಅಲ್ಲೇ, ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ, ಭಾರಿ ವಿದ್ಯುತ್ ಪ್ರವಾಹ ಹರಿಯುತ್ತದೆ. ನೆಲದ ಮೇಲಿನ ಮುಳ್ಳನ್ನು ಅಲುಗಿಸುವುದು ಆ ಪ್ರವಾಹ. ಹಾಗಾಗಿ ‘ಧ್ರುವಪ್ರಭೆಯ ಜೊತೆಗೆ’ ಎಂದು ತಿದ್ದಿದ್ದೇನೆ. ‘ಜೊತೆಗೆ’ ಎಂದರೆ ಸುಮ್ನೆ ಒಂದೇ ಹೊತ್ತಿಗೆ ಆಯಿತು ಎಂದಷ್ಟೇ ಮಕ್ಕಳು ತಿಳಿಯುತ್ತಾರೆಯೇ? ಇದಕ್ಕಿಂತ ಬಿಗಿಯಾದ ಮಾತು ಇದ್ದರೆ ಹೇಳಿ.

ಹಾಗೆಯೇ, ಅಕ್ಕಸಾಲಿಗರ ತಕ್ಕಡಿಯ ಮುಳ್ಳು ನಡುವೆ ನಿಲ್ಲದೆ ಅತ್ತಿತ್ತ ಆಡುತ್ತಿದ್ದರೆ ನಿಮ್ಮ ಊರಿನ ಕಡೆ ಏನನ್ನುತ್ತಾರೆ?