ಸಹಾಯ ಬೇಕು: ಹಳೇ ಜಿಪ್ಸಿ, ಬಾನೆಟ್ ಒಳಗೆ ಪೈಪುಗಳ ಕಾಡು

ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಚಿಂಚವಾಡದಲ್ಲಿದ್ದೇನೆ. ಗಾಡಿ 1997ರ ಮಾರುತಿ ಜಿಪ್ಸಿ ಕಿಂಗ್, 1298 ಸಿಸಿ, ಕಾರ್ಬುರೇಟರ್ (ಪೆಟ್ರೋಲ್‌ಗೆ ಗಾಳಿ ಬೆರೆಸುವ ಭಾಗ) ಇರುವ ಎಂಜಿನ್. ಬಾನೆಟ್ ಎತ್ತಿದರೆ ಎಂಜಿನ್ ಕಾಣುವುದೇ ಇಲ್ಲ, ಬರೀ ವೈರು, ಪೈಪು! ಹಿಂದಿನ ಓನರ್ ಹಾಕಿಸಿದ್ದ ಎಲ್‌ಪಿಜಿ ಕಿಟ್ ಹೋಗಿದೆ, ವೈರುಗಳು ಮಾತ್ರ ಬ್ಯಾಟರಿ ಪಕ್ಕ ನೇತಾಡುತ್ತಿವೆ. ಅವನ್ನು ಕಿತ್ತು ಹಾಕುತ್ತೇನೆ, ಬಿಡಿ.

ತಲೆನೋವು ವ್ಯಾಕ್ಯೂಮ್ ಪೈಪುಗಳದ್ದು, ಅಂದರೆ ಎಂಜಿನ್ ಗಾಳಿ ಎಳೆಯುವ ಸೆಳೆತವನ್ನು ಬೇರೆ ಭಾಗಗಳಿಗೆ ಒಯ್ಯುವ ರಬ್ಬರ್ ಪೈಪುಗಳು. ಮುಟ್ಟಿದರೆ ಹುಣಸೆ ಸಿಪ್ಪೆ ಥರ ಒಡೆಯುತ್ತವೆ. ಸಿಗ್ನಲ್‌ನಲ್ಲಿ ನಿಂತರೆ ಐಡ್ಲಿಂಗ್ ಏರಿಳಿಯುತ್ತದೆ. ಕಾರ್ಬುರೇಟರ್ ಬುಡದ ಒಂದು ಪೈಪಿನ ಬಿರುಕಿಗೆ ಬೆರಳು ಒತ್ತಿದರೆ ತಕ್ಷಣ ಸರಿಹೋಗುತ್ತದೆ. ಗ್ಯಾರೇಜಿನವರು ಸುಮ್ನೆ "ಸಗಳಂ ಕಾಢೂನ್ ಟಾಕಾ" (ಎಲ್ಲಾ ತೆಗೆದು ಹಾಕಿ) ಅನ್ನುತ್ತಾರೆ. ಎಲ್ಲಾ ಕಿತ್ತರೆ ಹೇಗೆ?

ಬ್ರೇಕ್ ಬೂಸ್ಟರ್ (ಬ್ರೇಕ್ ಹಗುರ ಮಾಡುವುದು), ಡಿಸ್ಟ್ರಿಬ್ಯೂಟರ್ ಅಡ್ವಾನ್ಸ್ (ಕಿಡಿ ಹೊತ್ತುವ ಸಮಯ ಹೊಂದಿಸುವುದು), ಪಿಸಿವಿ (ಎಂಜಿನ್ ಒಳಗಿನ ಹೊಗೆಯನ್ನು ಮತ್ತೆ ಎಂಜಿನ್‌ಗೆ ಎಳೆಯುವ ವಾಲ್ವ್), ಈ ಮೂರರ ಪೈಪು ಹೊಸದು ಹಾಕುತ್ತೇನೆ, ತೆಗೆಯುವುದಿಲ್ಲ. ಪೆಟ್ರೋಲ್ ಆವಿ ಹಿಡಿಯುವ ಚಾರ್ಕೋಲ್ ಡಬ್ಬಿಯೂ ಇರಲಿ. ಪೆಟ್ರೋಲ್ ವಾಸನೆ ಜಾಸ್ತಿಯಾದರೆ ಹೆಂಡತಿ ಗಾಡಿ ಹತ್ತುವುದಿಲ್ಲ. ಉಳಿದ ಪೈಪುಗಳಲ್ಲಿ ಯಾವುದನ್ನು ತೆಗೆದು, ಅದು ಕೂರುತ್ತಿದ್ದ ತೂತು ಮುಚ್ಚಬಹುದು? ಪಿಯುಸಿಗೆ (ಹೊಗೆ ತಪಾಸಣೆಗೆ) ತೊಂದರೆ ಆಗಬಾರದು ಅಷ್ಟೇ.

ಇದೇ ಮಾಡೆಲ್ ಇರುವವರು ಬಾನೆಟ್ ಒಳಗಿನ ಫೋಟೋ ಹಾಕುತ್ತೀರಾ? ಕಾರ್ಬುರೇಟರ್ ಬಲ್ಲ ಹಳೇ ಮೆಕ್ಯಾನಿಕ್ ಪುಣೆ ಕಡೆ ಗೊತ್ತಿದ್ದರೂ ಹೇಳಿ.