ಗರುಡನ ಆಕಾರದ ಫೋಮ್ ಪ್ಲೇನ್: ಥ್ರಾಟಲ್ ಕೊಟ್ಟರೆ ಮೂತಿ ಎತ್ತಿ ಒಂದು ಪಕ್ಕಕ್ಕೆ ಬೀಳ್ತಿದೆ

ಹೊಸರೆಕ್ಕೆ:
ಎಲ್ಲರಿಗೂ ನಮಸ್ಕಾರ. ಗರುಡನ ಆಕಾರದಲ್ಲಿ ಒಂದು ಆರ್‌ಸಿ (ರೇಡಿಯೋ ಕಂಟ್ರೋಲ್) ಪ್ಲೇನ್ ಕಟ್ಟಿದ್ದೀನಿ. ಅಳತೆಗಳನ್ನ ಪೂರ್ತಿ ಕೊಡ್ತೀನಿ, ಎಲ್ಲಿ ತಪ್ಪಿದೆ ಹೇಳಿ.

ರೆಕ್ಕೆ ತುದಿಯಿಂದ ತುದಿಗೆ 1200 ಮಿಮೀ. ನಡುಗೆರೆಯಲ್ಲಿ ಕಾರ್ಡ್ (ಮುಂಅಂಚಿನಿಂದ ಹಿಂಅಂಚಿಗೆ ರೆಕ್ಕೆಯ ಅಗಲ) 230, ಮಣಿಕಟ್ಟಿನಲ್ಲೂ (ರೆಕ್ಕೆ ಬಾಗೋ ಜಾಗ) 230, ತುದಿಯಲ್ಲಿ 110. ಮಣಿಕಟ್ಟು ನಡುಗೆರೆಯಿಂದ 250 ಮಿಮೀ ದೂರದಲ್ಲಿದೆ. ಅಲ್ಲಿ ಮುಂಅಂಚು ಬುಡಕ್ಕಿಂತ 30 ಮಿಮೀ ಮುಂದೆ, ತುದಿಯಲ್ಲಿ 90 ಮಿಮೀ ಹಿಂದೆ. ಬಾಲ ದುಂಡನೆ ಬೀಸಣಿಗೆ, ಸುಮಾರು 300 ಚದರ ಸೆಂಮೀ, ರೆಕ್ಕೆಯಿಂದ 300 ಮಿಮೀ ಹಿಂದೆ. ಹಕ್ಕಿ ಥರಾನೇ ಕಾಣಲಿ ಅಂತ ಲಂಬ ಫಿನ್ (ಬಾಲದ ಹತ್ತಿರ ನೇರ ನಿಲ್ಲೋ ಹಲಗೆ) ಹಾಕಿಲ್ಲ.

5 ಮಿಮೀ ಕಾಗದದ ಫೋಮ್ ಬೋರ್ಡ್, 2212 1000 ಕೆವಿ ಮೋಟರ್ ಕೊಕ್ಕಿನ ಜಾಗದಲ್ಲಿ, 8×4.5 ಪ್ರೊಪೆಲ್ಲರ್, 30 ಆಂಪ್ ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸೋ ಸರ್ಕ್ಯೂಟ್), 3ಎಸ್ 1300 ಲಿಪೋ ಬ್ಯಾಟರಿ (110 ಗ್ರಾಂ). 9 ಗ್ರಾಂ ಸರ್ವೋ (ಭಾಗಗಳನ್ನ ಆಡಿಸೋ ಪುಟ್ಟ ಮೋಟರ್) ನಾಲ್ಕು: ಎರಡು ಏಲರಾನ್‌ಗೆ (ಪಕ್ಕಕ್ಕೆ ವಾಲಿಸೋ ರೆಕ್ಕೆಯ ಹಿಂಅಂಚಿನ ಪಟ್ಟಿ) ವೈ ಕೇಬಲ್‌ನಲ್ಲಿ, ಅಂದ್ರೆ ಎರಡಕ್ಕೂ ಒಂದೇ ಚಾನೆಲ್, ಎರಡು ಬಾಲದ ಬುಡದಲ್ಲಿ. ಬಾಲದ ಒಂದು ಸರ್ವೋ ಮೇಲೆ ಕೆಳಗೆ ಮಾಡುತ್ತೆ, ಇನ್ನೊಂದು ಬಾಲ ತಿರುಚುತ್ತೆ. ಒಟ್ಟು ತೂಕ 620 ಗ್ರಾಂ. ಸಿಜಿ (ತೂಕ ಸಮತೋಲವಾಗೋ ಬಿಂದು) ಬುಡದ ಕಾರ್ಡಿನ ಮೂರನೇ ಒಂದು ಭಾಗಕ್ಕೆ, ಅಂದ್ರೆ 77 ಮಿಮೀಗೆ ಇಟ್ಟಿದ್ದೀನಿ.

ತೊಂದರೆ: ಥ್ರಾಟಲ್ ಕೊಟ್ಟ ತಕ್ಷಣ ಮೂತಿ ಎತ್ತುತ್ತೆ, ಎಲಿವೇಟರ್ (ಮೇಲೆ ಕೆಳಗೆ ಆಡೋ ಬಾಲ) ತುಂಬ ಚುರುಕು. ಸ್ವಲ್ಪ ವೇಗ ಇಳಿದರೆ ಎಡರೆಕ್ಕೆ ಬಿಟ್ಟು ಕೆಳಗೆ ಬರುತ್ತೆ. ನೇರ ಹಾರಿಸಿದರೂ ಮೂತಿ ಅತ್ತಿತ್ತ ಅಲೆಯುತ್ತೆ. ಇನ್ನೂ ದೊಡ್ಡ ಮೋಟರ್ ಬೇಕಾ?

ಕಾರ್ಡ್‌ಲೆಕ್ಕ:
ಮೋಟರ್ ಮುಟ್ಟಬೇಡಿ ಸರ್, ಅದು ಸಾಕು. ತಪ್ಪಿರೋದು ಸಿಜಿಯಲ್ಲಿ. ‘ಕಾರ್ಡಿನ ಮೂರನೇ ಒಂದು ಭಾಗ’ ಅನ್ನೋದು ಆಯತದ ರೆಕ್ಕೆ, ಉದ್ದ ಬಾಲ ಇರೋ ಟ್ರೈನರ್‌ಗೆ ಸರಿಹೋಗುತ್ತೆ. ಹಕ್ಕಿ ರೆಕ್ಕೆ ಮೊದಲು ಮುಂದಕ್ಕೆ ಹೋಗಿ, ಮಣಿಕಟ್ಟಿನಿಂದ ಹಿಂದಕ್ಕೆ ಬಾಗುತ್ತೆ. ಇದಕ್ಕೆ ಲೆಕ್ಕ ಹಾಕಿಯೇ ತಿಳಿಯಬೇಕು.

ನಿಮ್ಮ ಅಳತೆಯಲ್ಲೇ ನೋಡಿ. ಒಂದು ಕಡೆಯ ಒಳಭಾಗ 25×23 = 575 ಚದರ ಸೆಂಮೀ, ಹೊರಭಾಗ 35×17 (ಸರಾಸರಿ ಕಾರ್ಡ್) = 595. ಒಳಭಾಗದ ಕಾಲು ಕಾರ್ಡ್ ಬಿಂದು (ಕಾರ್ಡಿನ ನಾಲ್ಕನೇ ಒಂದು ಭಾಗ, ರೆಕ್ಕೆ ಎತ್ತೋ ಬಲ ಅಲ್ಲಿದೆ ಅಂತ ಲೆಕ್ಕ) ಬುಡದ ಮುಂಅಂಚಿನಿಂದ ಸುಮಾರು 42 ಮಿಮೀ ಹಿಂದೆ ಬರುತ್ತೆ, ಹೊರಭಾಗದ್ದು 67. ಎರಡನ್ನೂ ವಿಸ್ತೀರ್ಣದಿಂದ ಗುಣಿಸಿ ಸರಾಸರಿ ತೆಗೆದರೆ 55. ಬಾಲ ಚಿಕ್ಕದು, ಹತ್ತಿರದಲ್ಲೂ ಇದೆ. ಅದು ಸೇರಿಸೋದು ಅಂದಾಜು 12–13 ಮಿಮೀ ಅಷ್ಟೇ. ಹಾಗಾಗಿ ನ್ಯೂಟ್ರಲ್ ಪಾಯಿಂಟ್ (ಸಿಜಿ ಇದಕ್ಕಿಂತ ಮುಂದಿದ್ದರೆ ಮಾತ್ರ ಪ್ಲೇನ್ ಸ್ಥಿರ) 68ರ ಆಸುಪಾಸು. ನಿಮ್ಮ ಸಿಜಿ 77, ಅದಕ್ಕಿಂತ ಹಿಂದೆ. ಮೂತಿ ಒಮ್ಮೆ ಎದ್ದರೆ ತಾನಾಗಿ ಇಳಿಯೋ ಬಲವೇ ಅದಕ್ಕಿಲ್ಲ, ಎಲಿವೇಟರ್ ಚುರುಕು ಅನ್ನಿಸೋದೂ ಅದಕ್ಕೇ.

ಮೊದಲ ಹಾರಾಟಕ್ಕೆ 52 ಮಿಮೀಗೆ ತನ್ನಿ. ಅಂದ್ರೆ 25 ಮಿಮೀ ಮುಂದೆ. ಬ್ಯಾಟರಿ ಒಂದರಿಂದಲೇ ಮಾಡಬೇಕಂದ್ರೆ 620×25÷110, ಸುಮಾರು 140 ಮಿಮೀ ಮುಂದೆ ತಳ್ಳಬೇಕು. ಗರುಡನ ಕುತ್ತಿಗೆಯಲ್ಲಿ ಅಷ್ಟು ಜಾಗ ಇರಲ್ಲ. ಸೀಸ ಕಟ್ಟೋ ಮೊದಲು ಬಾಲದ ಎರಡೂ ಸರ್ವೋಗಳನ್ನ ಅಲ್ಲಿಂದ ಕಿತ್ತು ರೆಕ್ಕೆಯ ಕೆಳಗೆ ತನ್ನಿ. ವೈರ್, ಸ್ಕ್ರೂ ಸೇರಿ 25 ಗ್ರಾಂ ಆಗುತ್ತೆ, ಅದನ್ನ 250 ಮಿಮೀ ಮುಂದೆ ತಂದರೆ ಸಿಜಿ 10 ಮಿಮೀ ಮುಂದೆ ಬಂತು. ಉಳಿದ 15 ಮಿಮೀಗೆ ಬ್ಯಾಟರಿ 85 ಮಿಮೀ ಸರಿಸಿದರೆ ಸಾಕು. ಬಾಲಕ್ಕೆ 1.2 ಮಿಮೀ ತಂತಿಯ ಪುಶ್‌ರಾಡ್ ಎಳೆಯಿರಿ, ಪ್ಲಾಸ್ಟಿಕ್ ಕೊಳವೆಯೊಳಗೆ ಹಾಕಿ, ಕೊಳವೆಯನ್ನ ಪ್ರತಿ 80 ಮಿಮೀಗೆ ಒಂದು ಕಡೆ ಅಂಟಿಸಿ. ಇಲ್ಲದಿದ್ದರೆ ತಳ್ಳುವಾಗ ತಂತಿ ಬಾಗಿ ಎಲಿವೇಟರ್ ಪೂರ್ತಿ ಇಳಿಯಲ್ಲ.

ಇನ್ನೊಂದು, ತುಂಬ ಜನ ಎಡವೋ ಜಾಗ: 52 ಮಿಮೀ ಅಳೆಯಬೇಕಾದ್ದು ನಡುಗೆರೆಯ ಮುಂಅಂಚಿನಿಂದ. ಸಮತೋಲ ನೋಡೋಕೆ ಬೆರಳು ಇಡೋ ಜಾಗದ ಮುಂಅಂಚಿನಿಂದ ಅಲ್ಲ. ನಡುಗೆರೆಯಿಂದ 60 ಮಿಮೀ ಆಚೆ ಬೆರಳಿಟ್ಟರೆ ಅಲ್ಲಿನ ಮುಂಅಂಚು ಆಗಲೇ 7 ಮಿಮೀ ಮುಂದೆ ಇರುತ್ತೆ, ಆ ತಪ್ಪು ಹಾಗೇ ಸಿಜಿಗೆ ಸೇರುತ್ತೆ. ಸ್ಕೇಲ್ ಇಟ್ಟು ಅಡ್ಡಗೆರೆ ಎಳೆದು, ಎರಡೂ ಕಡೆ ಪೆನ್ನಿನಲ್ಲಿ ಚುಕ್ಕೆ ಹಾಕಿಕೊಳ್ಳಿ.

ಬಾಲಂಗೋಚಿ:
ಸಿಜಿ ವಿಚಾರ ಮೇಲಿನವರು ಹೇಳಿದ್ದೇ ಸರಿ. ಮೂತಿ ಅಲೆಯೋದಕ್ಕೆ ನಾನು ಹೇಳ್ತೀನಿ. ಹಕ್ಕಿ ರೆಕ್ಕೆ ಬಾಲ ಎರಡನ್ನೂ ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುತ್ತೆ, ಅದಕ್ಕೆ ಫಿನ್ ಬೇಡ. ನಮ್ಮ ಫೋಮಿಗೆ ಬೇಕು. ಆದರೆ ಕಾಣಿಸಬೇಕಾಗಿಲ್ಲ: 1 ಮಿಮೀ ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟಿನಲ್ಲಿ 100×90 ಮಿಮೀ ತುಂಡು ಕತ್ತರಿಸಿ ಬಾಲದ ಬುಡದಲ್ಲಿ, ಮೈಯ ಮೇಲ್ಭಾಗದಲ್ಲಿ ನಿಲ್ಲಿಸಿ. ಇಪ್ಪತ್ತು ಮೀಟರ್ ಆಚೆಯಿಂದ ಅದು ಕಣ್ಣಿಗೆ ಬೀಳಲ್ಲ. ಕೆಳಗೆ ಹಾಕಿದರೆ ಹುಲ್ಲಿನಲ್ಲಿ ಇಳಿಸುವಾಗ ಮೊದಲು ಮುರಿಯೋದು ಅದೇ. ಅಲೆಯೋದು ಪೂರ್ತಿ ನಿಲ್ಲದಿದ್ದರೆ ಎತ್ತರವನ್ನ ಇನ್ನೂ 20 ಮಿಮೀ ಹೆಚ್ಚಿಸಿ.

ಬಾಲ ತಿರುಚೋ ಸರ್ವೋ ಸದ್ಯಕ್ಕೆ ತೆಗೆದುಬಿಡಿ. ಕಾರಣ ಇದು: ಬಾಲ ಗಾಳಿಯನ್ನ ಮೇಲಕ್ಕೆ ತಳ್ಳುತ್ತಿದ್ದರೆ, ಅಂದ್ರೆ ಬಾಲದ ಮೇಲೆ ಬಲ ಕೆಳಮುಖವಾಗಿದ್ದರೆ, ಬಲಪಕ್ಕ ಕೆಳಗೆ ಬರೋ ಹಾಗೆ ತಿರುಚಿದಾಗ ಬಾಲ ಎಡಕ್ಕೆ ಹೋಗಿ ಮೂತಿ ಬಲಕ್ಕೆ ತಿರುಗುತ್ತೆ. ಅದೇ ಬಾಲದ ಮೇಲೆ ಬಲ ಮೇಲ್ಮುಖವಾದರೆ ಮೂತಿ ಎಡಕ್ಕೆ! ಸಿಜಿ ಹಿಂದಿದ್ದಾಗ ಬಾಲ ಹೊರುತ್ತಿದ್ದದ್ದು ಮೇಲ್ಮುಖ ಬಲ. ನೀವು ಕೊಡ್ತಿದ್ದ ತಿರುವು ಕೆಲವೊಮ್ಮೆ ಉಲ್ಟಾ ಕೆಲಸ ಮಾಡಿರುತ್ತೆ. ಸಿಜಿ ಸರಿಯಾಗಿ, ಎಲಿವೇಟರ್ ಸ್ವಲ್ಪ ಮೇಲೆ ನಿಂತು ಟ್ರಿಮ್ (ಸ್ಟಿಕ್ ಬಿಟ್ಟರೂ ನೇರ ಹಾರೋ ಹೊಂದಿಕೆ) ಆದಮೇಲೆ ಬೇಕಾದರೆ ಮತ್ತೆ ಹಾಕಿ. ಆಗ ಚೆನ್ನಾಗಿ ಕೆಲಸ ಮಾಡುತ್ತೆ, ನೋಡೋಕೂ ಸೊಗಸು.

ವೈ ಕೇಬಲ್ ಬಿಟ್ಟು ಏಲರಾನ್‌ಗಳನ್ನ ಎರಡು ಚಾನೆಲ್‌ಗೆ ಹಾಕಿ. ಏಲರಾನ್ ಮೇಲೆ 14 ಮಿಮೀ, ಕೆಳಗೆ 7 ಮಿಮೀ. ಸಮ ಕೊಟ್ಟರೆ ಕೆಳಗಿಳಿದ ಏಲರಾನ್ ಆ ರೆಕ್ಕೆಯನ್ನ ಹಿಂದಕ್ಕೆ ಎಳೆದು ಮೂತಿ ತಿರುವಿನ ವಿರುದ್ಧ ಹೋಗುತ್ತೆ. ಎಲಿವೇಟರ್ ಎರಡೂ ಕಡೆ 10 ಮಿಮೀ, ಎಕ್ಸ್‌ಪೋ (ಸ್ಟಿಕ್ ನಡುವಿನಲ್ಲಿ ಚುರುಕು ತಗ್ಗಿಸೋ ಸೆಟ್ಟಿಂಗ್) 30 ಪರ್ಸೆಂಟ್. ಇದೆಲ್ಲ ಸೆಟ್ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಟ್ಟಿರಬೇಕು, ದಯವಿಟ್ಟು ಮರೆಯಬೇಡಿ.

ಡೆಪ್ರಾನ್‌ಪ್ರಿಯ:
ಎಡರೆಕ್ಕೆ ಬಿಡೋದಕ್ಕೆ ಸಿಜಿ ಅರ್ಧ ಕಾರಣ, ವಾಶ್‌ಔಟ್ (ರೆಕ್ಕೆಯ ತುದಿಗೆ ಕೊಡೋ ಸಣ್ಣ ತಿರುಚು) ಇಲ್ಲದಿರೋದು ಇನ್ನರ್ಧ. ಕಿರಿದಾದ ತುದಿ ಬುಡಕ್ಕಿಂತ ಮೊದಲು ಸ್ಟಾಲ್ ಆಗುತ್ತೆ, ಅಂದ್ರೆ ಎತ್ತೋ ಬಲ ಕಳೆದುಕೊಳ್ಳುತ್ತೆ. ತುದಿಯಲ್ಲಿ ಹಿಂಅಂಚು ಮುಂಅಂಚಿಗಿಂತ 5–6 ಮಿಮೀ ಮೇಲೆ ಇರಲಿ. 110 ಮಿಮೀ ಕಾರ್ಡಿಗೆ ಅದು ಸುಮಾರು 3 ಡಿಗ್ರಿ. ಈಗಾಗಲೇ ಅಂಟಿಸಿದ ರೆಕ್ಕೆ ತಿರುಚೋಕಾಗಲ್ಲ ಅಂದ್ರೆ ಎರಡೂ ಏಲರಾನ್‌ಗಳನ್ನ 3 ಮಿಮೀ ಮೇಲೆ ಇಟ್ಟು ಅದನ್ನೇ ಸೊನ್ನೆ ಮಾಡಿಕೊಳ್ಳಿ. ಎರಡು ತುದಿಗೂ ಒಂದೇ ಅಳತೆ ಬರಬೇಕು. ಸಮತಟ್ಟಾದ ಟೇಬಲ್ ಮೇಲಿಟ್ಟು ಅಳೆಯಿರಿ, ಕಣ್ಣಂದಾಜು ಬೇಡ. ಯಾವಾಗಲೂ ಎಡಕ್ಕೇ ಬೀಳ್ತಿದೆ ಅಂದ್ರೆ ಎಡದ ತುದಿ ತಿರುಚಿಕೊಂಡಿರೋ ಸಾಧ್ಯತೆ ಇದೆ.

ಮೋಟರ್ ಬುಡಕ್ಕೆ ತೆಳು ಪ್ಲೈವುಡ್ ಚೂರು ಸಿಕ್ಕಿಸಿ 3 ಡಿಗ್ರಿ ಕೆಳಕ್ಕೆ, 2 ಡಿಗ್ರಿ ಬಲಕ್ಕೆ ತಿರುಗಿಸಿ. ಥ್ರಾಟಲ್‌ಗೆ ಮೂತಿ ಎತ್ತೋದರಲ್ಲಿ ಉಳಿದ ಪಾಲು ಅಲ್ಲಿ ಹೋಗುತ್ತೆ.

ತೂಕದ ಬಗ್ಗೆ: ನಿಮ್ಮ ರೆಕ್ಕೆ 23.4 ಚದರ ಡೆಸಿಮೀಟರ್. 620 ಗ್ರಾಂ ಅಂದ್ರೆ ಚದರ ಡೆಸಿಮೀಟರ್‌ಗೆ 26 ಗ್ರಾಂ ದಾಟುತ್ತೆ. ಹದ್ದಿನ ಹಾಗೆ ನಿಧಾನ ತೇಲಬೇಕಾದರೆ 20ರ ಒಳಗಿರಬೇಕು, ಅಂದ್ರೆ ಒಟ್ಟು 460 ಗ್ರಾಂ. ಮುಂದಿನದನ್ನ 5 ಮಿಮೀ ಡೆಪ್ರಾನ್ ಅಥವಾ ಇಪಿಪಿಯಲ್ಲಿ (ಎರಡೂ ಹಗುರ ಫೋಮ್) ಕಟ್ಟಿ, ರೆಕ್ಕೆಯುದ್ದಕ್ಕೂ 4 ಮಿಮೀ ಕಾರ್ಬನ್ ಕೊಳವೆ. ರೆಕ್ಕೆಯ ಮೇಲ್ಮೈ ಮುಂದಿನ ಅರ್ಧಕ್ಕೆ ಇನ್ನೊಂದು ಪದರ ಅಂಟಿಸಿದರೆ ಕೆಎಫ್‌ಎಂ-2 ಅನ್ನೋ ಮೆಟ್ಟಿಲಿನ ರೆಕ್ಕೆ ಆಗುತ್ತೆ, ಗಟ್ಟಿಯೂ ಬರುತ್ತೆ. ಅಂಗಡಿಯಲ್ಲಿ ಸನ್‌ಬೋರ್ಡ್ ಅಂತ ಕೊಡೋದು ಪಿವಿಸಿ, ತುಂಬ ಭಾರ. ಅದು ಬೋರ್ಡ್ ಬರೆಯೋಕೆ ಮಾತ್ರ. ಡೆಪ್ರಾನ್‌ಗೆ ಸಾಮಾನ್ಯ ಸೂಪರ್ ಗ್ಲೂ, ಸ್ಪ್ರೇ ಪೇಂಟ್ ಎರಡೂ ತಾಗಬಾರದು, ಮೇಲ್ಮೈ ಕರಗಿ ಗುಳಿ ಬೀಳುತ್ತೆ. ಫೋಮ್‌ಸೇಫ್ ಅಂತ ಬರೆದಿರೋ ಅಂಟು, ನೀರಿನ ಅಕ್ರಿಲಿಕ್ ಬಣ್ಣ ಬಳಸಿ. ತಲೆ ಎದೆ ಬಿಳಿ, ಮೈ ಇಟ್ಟಿಗೆಗೆಂಪು ಸರಿ, ಆದರೆ ಹೊಟ್ಟೆಯ ಕಡೆ ರೆಕ್ಕೆಗೆ ಒಂದು ತಿಳಿಬಣ್ಣದ ಅಗಲ ಪಟ್ಟಿ ಇರಲಿ. ಹಕ್ಕಿಯ ನೆರಳುಚಿತ್ರದಲ್ಲಿ ಬರ್ತಾ ಇದೆಯೋ ಹೋಗ್ತಾ ಇದೆಯೋ ತಿಳಿಯೋದೇ ಕಷ್ಟ.

ನಿಜವಾದ ಹದ್ದುಗಳು ಸುತ್ತುವರಿದರೆ ಇಳಿಸಿಬಿಡಿ. ಪ್ರೊಪೆಲ್ಲರ್ ತಗುಲಿದರೆ ಅವುಗಳ ಜೀವಕ್ಕೇ ಕುತ್ತು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಮೀ ನಡುವೆ ಇದ್ದರೆ 2021ರ ಡ್ರೋನ್ ನಿಯಮದಂತೆ ಹಸಿರು ವಲಯ (ಅನುಮತಿ ಇಲ್ಲದೆ ಹಾರಿಸಬಹುದಾದ ಜಾಗ) 60 ಮೀಟರ್ ಎತ್ತರಕ್ಕೇ ಮುಗಿಯುತ್ತೆ, ನಕ್ಷೆ ನೋಡಿಕೊಂಡೇ ಹೋಗಿ.

ಹೊಸರೆಕ್ಕೆ:
ತುಂಬ ಧನ್ಯವಾದ. ಬಾಲದ ಸರ್ವೋಗಳಲ್ಲಿ ತಿರುಚೋದನ್ನ ತೆಗೆದೆ, ಇನ್ನೊಂದು ರೆಕ್ಕೆಯ ಕೆಳಗೆ ಬಂತು. ಬ್ಯಾಟರಿ ಕುತ್ತಿಗೆಗೆ ಹೋಯ್ತು. ಫಿನ್, ಡೌನ್‌ಥ್ರಸ್ಟ್ (ಮೋಟರ್ ಕೆಳಕ್ಕೆ ತಿರುಗಿಸೋದು) ಎಲ್ಲ ಆಯ್ತು. ಈಗ ಸಿಜಿ 53. ಇದೇ ಸರಿ ಅಂತ ಗಾಳಿಯಲ್ಲಿ ಹೇಗೆ ಗೊತ್ತು ಮಾಡಿಕೊಳ್ಳೋದು?

ಕಾರ್ಡ್‌ಲೆಕ್ಕ:
ಮೊದಲು ಎತ್ತರದ ಹುಲ್ಲಿರೋ ಕಡೆ, ಮೋಟರ್ ನಿಲ್ಲಿಸಿ, ಗಾಳಿಗೆ ಎದುರಾಗಿ ಭುಜದೆತ್ತರದಿಂದ ನೇರ ತಳ್ಳಿ. ಮೇಲಕ್ಕೆ ಎಸೆಯಬೇಡಿ. ಹತ್ತು ಹನ್ನೆರಡು ಮೀಟರ್ ಸಮವಾಗಿ ಜಾರಿದರೆ ಸರಿ. ಎದ್ದು ನಿಂತು ಬಿದ್ದರೆ ಎಲಿವೇಟರ್ 1 ಮಿಮೀ ಇಳಿಸಿ, ನೇರ ನೆಲಕ್ಕೆ ಹೋದರೆ 1 ಮಿಮೀ ಎತ್ತಿ.

ಹಾರಾಟದಲ್ಲಿ: ಅರ್ಧ ಥ್ರಾಟಲ್‌ಗೆ ಟ್ರಿಮ್ ಮಾಡಿ, 50 ಮೀಟರ್ ಎತ್ತರಕ್ಕೆ ಹೋಗಿ, ಮೋಟರ್ ನಿಲ್ಲಿಸಿ 45 ಡಿಗ್ರಿ ಕೆಳಮುಖ ಮಾಡಿ ಎಲಿವೇಟರ್ ಸ್ಟಿಕ್ ಬಿಡಿ. ತಾನಾಗಿ ಚುರುಕಾಗಿ ಎದ್ದರೆ ಮೂತಿ ಭಾರ ಇನ್ನೂ ಹೆಚ್ಚಿದೆ, ಬ್ಯಾಟರಿ 15 ಮಿಮೀ ಹಿಂದಕ್ಕೆ ಸರಿಸಿದರೆ ಸಿಜಿ 3 ಮಿಮೀಗೆ ಸ್ವಲ್ಪ ಕಡಿಮೆ ಹೋಗುತ್ತೆ. ನಿಧಾನ ಎದ್ದರೆ ಅದೇ ನಿಮ್ಮ ಜಾಗ. ಇನ್ನೂ ಕಡಿದಾಗಿ ಕೆಳಗೆ ಮಡಚಿಕೊಂಡರೆ ಕೂಡಲೇ ಎಳೆದು ಇಳಿಸಿ, ಬ್ಯಾಟರಿ ಮುಂದಕ್ಕೆ ಹಾಕಿ. ಒಂದು ಸಲಕ್ಕೆ 3 ಮಿಮೀಗಿಂತ ಹೆಚ್ಚು ಬದಲಿಸಬೇಡಿ. ಸರಿಯಾದ ಜಾಗ ಸಿಕ್ಕಿದ ಮೇಲೆ ಬ್ಯಾಟರಿಯ ಹಿಂದೆ ಒಂದು ಫೋಮ್ ಅಡ್ಡತುಂಡು ಅಂಟಿಸಿ, ಆಗ ಪ್ರತಿ ಸಲ ಬ್ಯಾಟರಿ ಅಲ್ಲೇ ಕೂರುತ್ತೆ.