ತೊಳೆದ ಫಿಲ್ಮ್ ಗಾಜಿನ ಹಾಗೆ ಖಾಲಿ, ತಪ್ಪಿದ್ದೆಲ್ಲಿ?

ಪ್ರಶ್ನೆ:
ಮನೆಯಲ್ಲಿ ಫಿಲ್ಮ್ ತೊಳೆದದ್ದು ಇದೇ ಮೊದಲು. ಇಲ್ಫೋರ್ಡ್ ಎಚ್‌ಪಿ5 ಪ್ಲಸ್, 36 ಫ್ರೇಮಿನ ರೋಲ್. ಅಜ್ಜನ ಪೆಂಟಾಕ್ಸ್ ಕೆ1000ನಲ್ಲಿ ಮೇಲುಕೋಟೆಯ ಕಲ್ಯಾಣಿ, ಬೆಟ್ಟ ಎಲ್ಲ ತೆಗೆದಿದ್ದೆ. ಚಿತ್ರ ಮೂಡಿಸುವ ಡೆವಲಪರ್ ಡಿ-76, ಕಲಸಿದ್ದಕ್ಕೆ ಮತ್ತೆ ನೀರು ಬೆರೆಸದೆ, 20 ಡಿಗ್ರಿ, ಏಳೂವರೆ ನಿಮಿಷ. ಮಧ್ಯೆ ನೀರು, ಆಮೇಲೆ ಹೈಪೋ, ಅಂದರೆ ಮೂಡಿದ ಚಿತ್ರವನ್ನು ಉಳಿಸುವ ಫಿಕ್ಸರ್. ಟ್ಯಾಂಕ್ ತೆರೆದು ನೋಡಿದರೆ ಏನೂ ಇಲ್ಲ. ಕೆಟ್ಟಿರುವುದು ಕ್ಯಾಮೆರಾನಾ, ನನ್ನ ಕೈನಾ? ಯಾರಿಗಾದರೂ ಹೀಗಾಗಿತ್ತಾ?

ಧಾರವಾಡದಿಂದ:
ಫಿಲ್ಮ್ ಎಸೆಯಬೇಡಿ. ಕಿಟಕಿಗೆ ಹಿಡಿದು ಅಂಚು ನೋಡಿ. ತೂತುಗಳ ಪಕ್ಕ ಫಿಲ್ಮಿನ ಹೆಸರು, ಫ್ರೇಮ್ ನಂಬರ್ ಇರಬೇಕು. ಅದಕ್ಕೂ ನಿಮ್ಮ ಕ್ಯಾಮೆರಾಕ್ಕೂ ಸಂಬಂಧವಿಲ್ಲ, ಫ್ಯಾಕ್ಟರಿಯಲ್ಲೇ ಬೆಳಕು ಬಿಟ್ಟು ಬರೆದಿರುತ್ತಾರೆ. ಅಕ್ಷರ ಕಪ್ಪಗೆ ಮೂಡಿದ್ದರೆ ಡೆವಲಪರ್ ಕೆಲಸ ಮಾಡಿದೆ, ಫಿಲ್ಮಿಗೆ ಬೆಳಕೇ ಬಿದ್ದಿಲ್ಲ ಅಂತ ಅರ್ಥ. ಅಕ್ಷರವೂ ಇಲ್ಲದಿದ್ದರೆ ಎಡವಟ್ಟು ಟ್ಯಾಂಕಿನೊಳಗೆ. ಫಿಲ್ಮಿನ ನಾಲಗೆ, ಅಂದರೆ ಡಬ್ಬಿಯಿಂದ ಹೊರಗೆ ಚಾಚಿರುವ ತುದಿ, ಕತ್ತರಿಸದೆ ತೊಳೆದಿದ್ದರೆ ಅದನ್ನೂ ನೋಡಿ. ಕ್ಯಾಮೆರಾಕ್ಕೆ ಹಾಕುವಾಗಲೇ ಬೆಳಕು ಕಂಡಿರುವ ಭಾಗ ಅದು, ಕಾಡಿಗೆಯ ಹಾಗೆ ಇರಬೇಕು.

ಮೈಸೂರಿನಿಂದ:
ನನ್ನ ಖಾಲಿ ರೋಲಿನಲ್ಲಿ ಅಂಚಿನ ಅಕ್ಷರ ಚೆನ್ನಾಗಿಯೇ ಇತ್ತು. ಅದು ತಂಗಿಯ ನಿಶ್ಚಿತಾರ್ಥದ ರೋಲ್, ಈಗಲೂ ಮನೆಯಲ್ಲಿ ಆಡಿಕೊಳ್ಳುತ್ತಾರೆ. ಫಿಲ್ಮಿನ ನಾಲಗೆ ಆಚೆ ಬದಿಯ ಸ್ಪೂಲಿಗೆ ಸಿಕ್ಕೇ ಇರಲಿಲ್ಲ. ಲಿವರ್ ತಿರುಗುತ್ತಿತ್ತು, ಕೌಂಟರ್ ಓಡುತ್ತಿತ್ತು, ಫಿಲ್ಮ್ ಮಾತ್ರ ಡಬ್ಬಿಯಲ್ಲೇ ತಣ್ಣಗೆ ಕೂತಿತ್ತು. 36 ದಾಟಿದ ಮೇಲೂ ಲಿವರ್ ಸಲೀಸಾಗಿ ತಿರುಗಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನಾನು ಖುಷಿಪಟ್ಟು ಇನ್ನೂ ಎರಡು ಕ್ಲಿಕ್ಕಿಸಿದೆ!

ಈಗ ಫಿಲ್ಮ್ ಹಾಕಿ ಮುಚ್ಚಿದ ಕೂಡಲೇ ಎಡಗಡೆಯ ರಿವೈಂಡ್ ಹಿಡಿಯನ್ನು ಮೆಲ್ಲಗೆ ತಿರುಗಿಸಿ ಸಡಿಲ ತೆಗೆಯುತ್ತೇನೆ. ಆಮೇಲೆ ಲಿವರ್ ಎಳೆದಾಗ ಆ ಹಿಡಿಯೂ ತಿರುಗಬೇಕು. ತಿರುಗದಿದ್ದರೆ ಫಿಲ್ಮ್ ಓಡುತ್ತಿಲ್ಲ. ಶಟರ್ ಮೇಲೆ ಅನುಮಾನ ಇದ್ದರೆ ಫಿಲ್ಮ್ ಇಲ್ಲದಾಗ ಹಿಂಬಾಗಿಲು ತೆರೆದು, ಬೆಳಕಿನ ಕಡೆ ಹಿಡಿದು ಕ್ಲಿಕ್ ಮಾಡಿ, ಕಣ್ಣಿಗೇ ಕಾಣುತ್ತದೆ. ಲೆನ್ಸಿನ ಮುಚ್ಚಳ ಮರೆಯುವ ಕತೆ ಪೆಂಟಾಕ್ಸ್‌ನಲ್ಲಿ ನಡೆಯುವುದಿಲ್ಲ, ಲೆನ್ಸಿನ ಮೂಲಕವೇ ನೋಡುತ್ತೀರಲ್ಲ. ಅದು ಲೆನ್ಸ್ ಬಿಟ್ಟು ಬೇರೆ ಕಿಂಡಿಯಿಂದ ನೋಡುವ, ನಮ್ಮಂಥ ರೇಂಜ್‌ಫೈಂಡರ್ ಕ್ಯಾಮೆರಾದವರ ಕಾಯಿಲೆ.

ಕಲಬುರಗಿಯಿಂದ:
ಸೆಕೆಯಿಂದ ಹೀಗಾಗಿರಬಹುದಾ? ನಮ್ಮಲ್ಲಿ ನಲ್ಲಿ ನೀರೇ 30 ಡಿಗ್ರಿ ಇರುತ್ತದೆ.

ಧಾರವಾಡದಿಂದ:
ಇಲ್ಲ. ಬಿಸಿ ಜಾಸ್ತಿಯಾದರೆ ಫಿಲ್ಮ್ ಇನ್ನಷ್ಟು ಕಪ್ಪಾಗುತ್ತದೆ, ಖಾಲಿಯಾಗುವುದಿಲ್ಲ.

ಹಾಸನದಿಂದ:
ನನ್ನದು ಜಿಪುಣತನದ ಕತೆ. ಡಿ-76 ಪುಡಿಯ ಪೊಟ್ಟಣ ಒಡೆದು ಕಾಲು ಭಾಗ ಮಾತ್ರ ಕಲಸಿದೆ, ಉಳಿದದ್ದು ಮುಂದಿನ ತಿಂಗಳಿಗೆ ಅಂತ. ಡಿ-76ರ ಮೂಲ ಸೂತ್ರದಲ್ಲಿ ಲೀಟರಿಗೆ 100 ಗ್ರಾಂ ಸಲ್ಫೈಟ್ ಇದ್ದರೆ ಮೆಟಾಲ್ ಬರೀ 2 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ. ಚಿತ್ರ ಮೂಡಿಸುವುದು ಆ ಎರಡು ಚೂರೇ. ನನ್ನ ಚಮಚಕ್ಕೆ ಅವು ಎಷ್ಟು ಬಂದವೋ ದೇವರಿಗೇ ಗೊತ್ತು. ಫಿಲ್ಮಿನಲ್ಲಿ ಮಂಜಿನಂತೆ ಏನೋ ಇತ್ತು, ಅಷ್ಟೆ. ಪೊಟ್ಟಣ ಒಡೆದರೆ ಪೂರ್ತಿ ಕಲಸಿ.

ಅಂದಿನಿಂದ ಟ್ಯಾಂಕಿಗೆ ಸುರಿಯುವ ಮುಂಚೆ ನಾಲಗೆಯ ಒಂದು ತುಂಡನ್ನು ಹಗಲು ಬೆಳಕಿನಲ್ಲೇ ಡೆವಲಪರ್‌ಗೆ ಅದ್ದುತ್ತೇನೆ. ಕೆಲವೇ ನಿಮಿಷದಲ್ಲಿ ಕಪ್ಪಾಗಬೇಕು. ಇನ್ನೊಂದು ತುಂಡು ಹೈಪೋಗೆ. ಅದು ತಿಳಿಯಾಗಬೇಕು, ತಿಳಿಯಾಗಲು ಹಿಡಿದ ಹೊತ್ತಿನ ಎರಡರಷ್ಟು ಫಿಕ್ಸ್ ಮಾಡಿದರಾಯಿತು. ನೀವೂ ಈಗಲೇ ಮಾಡಿ ನೋಡಿ, ಎರಡೂ ಬಾಟಲಿಗೆ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಂಚಿನಲ್ಲಿ ಅಕ್ಷರ ಇಲ್ಲ, ನಂಬರ್ ಇಲ್ಲ. ನಾಲಗೆಯೂ ತಿಳಿ. ಹಾಗಾಗಿ ಹೊಸ ರೋಲಿನ ನಾಲಗೆಯಿಂದ ಎರಡು ತುಂಡು ಕತ್ತರಿಸಿದೆ. ‘ಡೆವಲಪರ್’ ಅಂತ ಚೀಟಿ ಇದ್ದ ಬಾಟಲಿಗೆ ಹಾಕಿದ್ದು ಕಪ್ಪಾಗುವ ಬದಲು ನೋಡನೋಡುತ್ತಿದ್ದಂತೆ ತಿಳಿಯಾಯಿತು. ‘ಹೈಪೋ’ಗೆ ಹಾಕಿದ್ದು ಕಪ್ಪಾಯಿತು! ಎರಡೂ ಒಂದೇ ಥರದ ಬಾಟಲಿ. ಹೊರಗೆ ಚೆಲ್ಲಿದ್ದನ್ನು ತೊಳೆಯುವಾಗ ಚೀಟಿ ಉದುರಿದ್ದವು, ನಾನೇ ಮತ್ತೆ ಅಂಟಿಸಿದ್ದೆ. ಆ ಫಿಲ್ಮಿನಿಂದ ಇನ್ನು ಏನಾದರೂ ತೆಗೆಯಬಹುದಾ?

ಹಾಸನದಿಂದ:
ಇಲ್ಲ. ಹೈಪೋ ಮೊದಲೇ ಹೋದರೆ ಚಿತ್ರವಾಗಬೇಕಿದ್ದ ಬೆಳ್ಳಿಯ ಉಪ್ಪೇ ಕರಗಿ ಹೋಗುತ್ತದೆ. ಎರಡೂ ದ್ರಾವಣ ಒಂದಕ್ಕೊಂದು ಸೋಕಿವೆ, ಅವನ್ನು ಇಟ್ಟುಕೊಳ್ಳಬೇಡಿ, ಹೊಸದಾಗಿ ಕಲಸಿ. ಮುಟ್ಟಿದರೆ ಡೆವಲಪರ್ ಸೋಪಿನ ನೀರಿನಂತೆ ಜಾರುತ್ತದೆ, ಆದರೆ ಗುರುತಿಗಾಗಿ ಬೆರಳು ಅದ್ದಬೇಡಿ, ಕೆಲವರಿಗೆ ಮೆಟಾಲ್‌ನಿಂದ ಚರ್ಮ ಕೆರೆಯುತ್ತದೆ. ಮುಚ್ಚಳದ ಬಣ್ಣ ಬೇರೆ ಮಾಡಿ, ಬಾಟಲಿಯ ಮೈಮೇಲೇ ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆಯಿರಿ.

ಕೇಳಿದವರು:
ಕೆಂಪು ಮುಚ್ಚಳ ಹೈಪೋಗೆ. ಭಾನುವಾರ ಮತ್ತೆ ಮೇಲುಕೋಟೆಗೆ ಹೊರಟಿದ್ದೇನೆ.